ಶಕ್ಕು ಅತ್ತಿಯ ಬಿಳಿ ಮಚ್ಚೆ ಗಿಡ

ನಮ್ಮ ಕೇಶ್ವಾಪುರದ ಮನೆಗೆ ಎಂಟು ದಿನಕ್ಕೊಮ್ಮೆ ನಳದ ನೀರು ಬರುತ್ತಿದ್ದ ಕಾಲ ಅದು. ನೀರು ಬರುವ ದಿನವೆಂದರೆ ಮನೆಯಲ್ಲಿ ಹಬ್ಬವೂ ಹೌದು, ಜಗಳವೂ ಹೌದು. ಕೊಡ, ಹಂಡೆ, ಬ್ಯಾರಲ್ಲು, ಕೊನೆಗೆ ಸಾರಿನ ಪಾತ್ರೆಯನ್ನೂ ಬಿಡದೆ ತುಂಬಿಡುತ್ತಿದ್ದೆವು. ಏಳನೆಯ ದಿನ ಬ್ಯಾರಲ್ಲಿನ ತಳ ಕಾಣತೊಡಗಿದರೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಚೊಂಬು ಹಿಡಿದವರನ್ನೆಲ್ಲ ಕಳ್ಳರ ಹಾಗೆ ನೋಡುತ್ತಿದ್ದಳು. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಹೂ ಬಿಡದ, ಕಾಯಿ ಕೊಡದ, ದೇವರ ಜಗುಲಿಗೂ ಏರದ ಗಿಡವೊಂದಕ್ಕೆ ನೀರು ಕೇಳುವುದೆಂದರೆ ಸಣ್ಣ ಧೈರ್ಯವಲ್ಲ. ಆ ಧೈರ್ಯ ಇದ್ದದ್ದು ನಮ್ಮ ಶಕ್ಕು ಅತ್ತಿಗೆ ಮಾತ್ರ.

ಶಕ್ಕು ಅತ್ತಿ ಅಪ್ಪನ ತಂಗಿ. ಪೂರ್ತಿ ಹೆಸರು ಶಕುಂತಲಾ. ಧಾರವಾಡದಲ್ಲಿ ಬಿ.ಎಸ್ಸಿ. ಓದಿ, ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಟೆಂಪರರಿ ಟೀಚರ್ ಆಗಿದ್ದಳು. ಆಗ ಆಕೆಗೆ ಇಪ್ಪತ್ತೆಂಟು, ನನಗೆ ಹತ್ತು. ನಾನು ಆಕೆಯ ಬಾಲ. ಸಾಲಿಯಿಂದ ಬಂದು ಪಾಟಿಚೀಲ ಒಗೆದರೆ ನೇರ ಅತ್ತಿಯ ಖೋಲಿಗೆ. ಶೇಂಗಾ, ಬೆಲ್ಲ, ಚುರುಮುರಿ ಒಂದೇ ತಾಟಿನಲ್ಲಿ ಕಲಸಿಕೊಂಡು ತಿನ್ನುತ್ತ ಚೌಕಾಬಾರಾ ಆಡುತ್ತಿದ್ದೆವು. ನಾನು ಆಟಕ್ಕಿಂತ ಮಾತು ಜಾಸ್ತಿ ಆಡುತ್ತಿದ್ದೆ. "ಈ ಬಾಯಿಬಡಕಿಗೆ ಒಂದು ಚಿಲಕಾ ಹಚ್ಚಸಬೇಕು" ಎಂದು ಆಯಿ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅಂದರೆ ಏನು, ನನಗೆ ಹೆಮ್ಮೆಯೇ.

ಆ ಗಿಡವನ್ನು ಅತ್ತಿ ಧಾರವಾಡದಿಂದ ತಂದಿದ್ದಳು. ತಂದಾಗ ಅದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ದಂಟು ಅಷ್ಟೇ. ನಾನು ನೋಡುವ ಹೊತ್ತಿಗೆ ನನ್ನ ಎದೆಮಟ್ಟ ಬೆಳೆದಿತ್ತು. ಮೊರದಂಥ ಎಲೆ. ಅಂಚಿಗೆ ಹಸಿರು, ನಡುವೆಲ್ಲ ಬಿಳಿ ಮಚ್ಚೆ, ಸುಣ್ಣ ಬಳಿಯುವಾಗ ಯಾರೋ ಕೈ ಝಾಡಿಸಿದ ಹಾಗೆ. ಡೈಫೆನ್‌ಬೇಕಿಯಾ ಎಂದು ಅತ್ತಿ ಹೆಸರು ಹೇಳಿಕೊಟ್ಟಿದ್ದಳು. ಆ ಹೆಸರು ಆಯಿಯ ಬಾಯಲ್ಲಿ ನಿಲ್ಲುವಂತಿರಲಿಲ್ಲ. ಆಯಿಗೆ ಅದು "ಆ ನಿರುಪಯೋಗಿ ಗಿಡ." ಉಳಿದವರಿಗೆಲ್ಲ ಶೋ ಗಿಡ.

ನಿರುಪಯೋಗಿಯಾದರೂ ಅದರ ಉಪಚಾರ ಸಣ್ಣದಲ್ಲ. ನಮ್ಮ ಕಡೆಯ ಎರಿ ಮಣ್ಣು ಅದಕ್ಕೆ ಆಗುತ್ತಿರಲಿಲ್ಲ. "ಎರಿ ಮಣ್ಣು ನೀರು ಹಿಡಕೊಂಡು ಕುಂತುಬಿಡತೈತಿ, ಬೇರಿಗೆ ಉಸಿರಾಡಾಕ ಬಿಡಂಗಿಲ್ಲ" ಎಂದು ಅತ್ತಿ ಕೆಂಪು ಮಣ್ಣಿಗೆ ಉಸುಕು, ಹಳೆ ಸೆಗಣಿ ಗೊಬ್ಬರ, ತೆಂಗಿನ ನಾರು ಬೆರೆಸಿ ಕುಂಡ ತುಂಬಿದ್ದಳು. ಖೋಲಿಯ ಕಿಟಕಿಗೆ ಹಳೆ ವಾಯಿಲ್ ಸೀರೆಯ ಪರದೆ. ಬೆಳಕು ಬೇಕು, ಬಿಸಿಲು ಬೇಡ. ಬಿಳಿ ಜಾಗ ಬಿಸಿಲು ತಾಳುವುದಿಲ್ಲ, ಸುಟ್ಟುಹೋಗುತ್ತದೆ. ಆದಿತ್ಯವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಗಿಡ ಕಿಟಕಿಯ ಕಡೆಗೇ ವಾಲುತ್ತದೆ. ಎಲೆ ಒರೆಸುವುದು ನನ್ನ ಕೆಲಸ. ಅಪ್ಪನ ಹಳೆ ಧೋತರದ ಚೂರು ಒದ್ದೆ ಮಾಡಿ, ಕೆಳಗೊಂದು ಕೈ ಆನಿಸಿ, ಮೇಲೆ ಮೆಲ್ಲಗೆ ಒರೆಸಬೇಕು.

"ಹಂಗ ತಿಕ್ಕಬ್ಯಾಡ ರೇಣಿ. ಕೂಸಿನ ಮಾರಿ ಒರಸ್ತಾರಲ್ಲ, ಹಂಗ ಒರಸು."

ನೀರಿಗಂತೂ ಲೆಕ್ಕ ಬಹಳ. ಅಕ್ಕಿ ತೊಳೆದ ನೀರನ್ನು ನನ್ನ ಅವ್ವ ಒಂದು ಚರಿಗೆಯಲ್ಲಿ ತೆಗೆದಿಡುತ್ತಿದ್ದಳು. ಹಾಕುವ ಮೊದಲು ನಾನು ಮಣ್ಣಿನಲ್ಲಿ ಎರಡು ಬೆರಳು ಇಳಿಸಿ ನೋಡಬೇಕು. ಬೆರಳಿಗೆ ಮಣ್ಣು ಹತ್ತಿದರೆ ನೀರಿಲ್ಲ. "ಮ್ಯಾಲೆ ಒಣಗಿದಂಗ ಕಾಣತೈತಿ, ಒಳಗ ಹಸಿ ಇರತೈತಿ. ಹಸಿ ಇದ್ದಾಗ ಹಾಕಿದ್ರ ಕೊಳೀತೈತಿ ನೋಡು" ಎಂದು ಅತ್ತಿ ಎಷ್ಟು ಸಲ ಹೇಳಿದಳೋ. ಇನ್ನೊಂದು ಎಚ್ಚರಿಕೆಯೂ ಇತ್ತು, ದಂಟಿನ ಹಾಲು ಬಾಯಿಗೆ ತಾಗಬಾರದು. ಬೇಡ ಅಂದದ್ದನ್ನು ಮಾಡುವುದು ನನ್ನ ಜಾತಕದಲ್ಲೇ ಇತ್ತು. ಒಂದು ದಿನ ಮುರಿದ ತೊಟ್ಟಿಗೆ ನಾಲಿಗೆ ತಾಗಿಸಿಯೇಬಿಟ್ಟೆ. ಯಪ್ಪಾ! ನಾಲಿಗೆ ಉರಿದು, ಬಾತು, ಅರ್ಧ ದಿನ ಮಾತೇ ಹೊರಡಲಿಲ್ಲ. ಅತ್ತಿ ಗಾಬರಿಯಾಗಿ ತಣ್ಣೀರು ಮುಕ್ಕಳಿಸಲು ಕೊಡುತ್ತಿದ್ದರೆ ಆಯಿ ಬಾಗಿಲಲ್ಲಿ ನಿಂತು, "ಇಷ್ಟು ದಿನದಾಗ ಈ ಗಿಡದಿಂದ ಒಂದು ಉಪಯೋಗ ಆತು" ಎಂದಳು.

ಅತ್ತಿಯ ಕಾಲ ಮೇಲೂ ಬಿಳಿ ಇತ್ತು. ಎರಡೂ ಪಾದದ ಮೇಲ್ಭಾಗ, ಎಡಗಾಲಿನ ಹರಡಿನ ಸುತ್ತ. ಹೊರಗೆ ಹೋಗುವಾಗ ಚಪ್ಪಲಿಯ ಒಳಗೆ ಸಾಕ್ಸ್ ಹಾಕುತ್ತಿದ್ದಳು. ಮನೆಯಲ್ಲಿ ಅದಕ್ಕೊಂದು ಹೆಸರಿರಲಿಲ್ಲ, ಎಲ್ಲರೂ "ಅದು" ಅನ್ನುತ್ತಿದ್ದರು. ದಿನಾ ಮುಂಜಾನೆ ಆಯಿ ಬಾವಂಚಿ ಎಣ್ಣೆ ಹಚ್ಚಿ ಮಗಳನ್ನು ಅಂಗಳದ ಎಳೆ ಬಿಸಿಲಿಗೆ ಕೂರಿಸುತ್ತಿದ್ದಳು. ಆ ಕಹಿ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಬಿಸಿಲು ಸ್ವಲ್ಪ ಹೆಚ್ಚಾದರೆ ಬಿಳಿ ಜಾಗ ಕೆಂಪೇರಿ ಉರಿಯುತ್ತಿತ್ತು. ಅತ್ತಿ ತುಟಿ ಕಚ್ಚಿ ಕೂರುತ್ತಿದ್ದಳು, ಆಯಿಯ ಸಮಾಧಾನಕ್ಕೆ.

ಒಂದು ದಿನ ಎಲೆ ಒರೆಸುತ್ತ ನಾನು ಕೇಳಿದೆ, "ಅತ್ತಿ, ಈ ಗಿಡಕ್ಕ ಏನ ರೋಗ?"

"ರೋಗ ಅಲ್ಲ ಅದು. ಬಿಳಿ ಇದ್ದಲ್ಲಿ ಬಣ್ಣ ತುಂಬಿಲ್ಲ, ಅಷ್ಟ. ಯಾರಿಗೂ ಅಂಟಂಗಿಲ್ಲ. ಹಸಿರು ಜಾಗಾ ಬಿಳಿ ಜಾಗಕ್ಕೂ ಊಟಾ ಮಾಡಿ ಹಾಕತೈತಿ."

"ನಿನ್ನ ಕಾಲೂ ಹಂಗಽ ಏನು?"

ಆಕೆ ತನ್ನ ಪಾದ ನೋಡಿಕೊಂಡಳು. ಆಮೇಲೆ ನಕ್ಕು, "ಸುಮಾರು ಹಂಗಽ ಅಂತ ತಿಳಕೋ" ಎಂದಳು. ನನಗೆ ಅದೆಷ್ಟು ಖುಷಿಯಾಯಿತೆಂದರೆ, ದೊಡ್ಡ ಗುಟ್ಟೊಂದು ಸಿಕ್ಕಂತಾಗಿ ಆ ದಿನವೆಲ್ಲ ಅದನ್ನೇ ಗುಣುಗುಣಿಸುತ್ತ ಓಡಾಡಿದೆ.

ಆ ವರ್ಷ ಶಿವರಾತ್ರಿ ಮುಗಿದ ವಾರ ಗದಗಿನ ಕಡೆಯ ಒಂದು ಸಂಬಂಧ ಬಂತು. ಅದಕ್ಕೂ ಮೊದಲು ಎರಡು ಸಂಬಂಧ ಬಂದು, ಕಾಲಿನ ವಿಷಯ ಕೇಳಿಯೇ ತಿರುಗಿಹೋಗಿದ್ದವು. ಹೀಗಾಗಿ ಈ ಸಲ ಆಯಿ ಗಟ್ಟಿ ಮನಸ್ಸು ಮಾಡಿದ್ದಳು. "ಯಾರೂ ಬಾಯಿ ಬಿಡಬ್ಯಾಡ್ರಿ. ಲಗ್ನಾ ಆಗಲಿ, ಆಮ್ಯಾಲೆ ಏನ ಹೇಳ್ತೀರಿ ಹೇಳ್ರಿ."

ಗಂಡು ಕೂಡ ಹೈಸ್ಕೂಲ್ ಮಾಸ್ತರ, ವಿಜ್ಞಾನದವನೇ. ಫೋಟೋ ಕಳಿಸುವಾಗ, ಹುಡುಗಿಗೆ ಏನು ಓದುವ ಹವ್ಯಾಸವಿದೆ ಎಂದು ಕೇಳಿ ಕಳಿಸಿದ್ದನಂತೆ. ಬಣ್ಣ, ಎತ್ತರ ಬಿಟ್ಟು ಇಂಥದ್ದನ್ನು ಕೇಳಿದವನು ಆತನೊಬ್ಬನೇ. ಆ ಫೋಟೋ ಅತ್ತಿಯ ಸಸ್ಯಶಾಸ್ತ್ರದ ಪುಸ್ತಕದೊಳಗೆ ಹೋಯಿತು. ದಿನಕ್ಕೆರಡು ಸಲ ಆ ಪುಸ್ತಕ ತೆರೆಯುತ್ತಿದ್ದಳು, ನಾನು ನೋಡಿದ್ದೇನೆ.

ಅವರು ಬರುವ ಹಿಂದಿನ ದಿನ ಅಪ್ಪ ಅತ್ತಿಯ ಖೋಲಿಗೆ ಬಂದು ಕಾಟಿನ ಅಂಚಿಗೆ ಕೂತರು. ನಾನು ಗಿಡದ ಹಿಂದೆ ಎಲೆ ಒರೆಸುತ್ತಿದ್ದೆ.

"ಅಣ್ಣಾ, ಮುಚ್ಚಿಟ್ಟು ನಾ ಲಗ್ನಾ ಆಗಂಗಿಲ್ಲ" ಎಂದಳು ಅತ್ತಿ.

"ಅವ್ವಗ ಏನ ಹೇಳ್ಲಿ ಶಕ್ಕೂ?"

"ಅವ್ವಗ ಏನೂ ಹೇಳಬ್ಯಾಡ. ಚಾ ಆದ ಮ್ಯಾಲೆ ಹುಡುಗನ ಜೋಡಿ ಐದು ನಿಮಿಷ ಮಾತಾಡಾಕ ಬಿಡು. ನಾನಽ ಹೇಳ್ತೇನಿ. ನನ್ನ ಬಾಯಿಲೇ ಕೇಳಿ ಆತ ಬ್ಯಾಡ ಅಂದ್ರ ಅನ್ಲಿ. ಆದ್ರ ನನಗ ಅನಸ್ತೈತಿ, ಆತ ಕೇಳಿಸಿಕೊಳ್ಳೋ ಮನಶಾ ಅದಾನ."

ಅಪ್ಪ ಕಾಟಿನಿಂದ ಎದ್ದು, "ಆತು" ಎಂದರು. ಅತ್ತಿಯ ಮುಖ ಅಷ್ಟು ಹಗುರಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮರುದಿನ ಮನೆಯೆಲ್ಲ ತುಪ್ಪದಲ್ಲಿ ರವೆ ಹುರಿದ ಘಮ. ಅವ್ವ ಶಿರಾ, ಉಪ್ಪಿಟ್ಟು ಮಾಡಿದ್ದಳು. ಗಂಡು, ಅವನ ಅಪ್ಪ, ಅವ್ವ, ಸಂಬಂಧ ತಂದಿದ್ದ ನಮ್ಮ ಕಾಕಾ, ಇಷ್ಟು ಜನ ಪಡಸಾಲೆಯಲ್ಲಿ ಕೂತರು. ಅತ್ತಿ ನೆಲ ಮುಟ್ಟುವ ಹಾಗೆ ತಿಳಿನೀಲಿ ಸೀರೆ ಉಟ್ಟು ಚಾ ತಂದಿಟ್ಟಳು, ಎರಡು ಮಾತಿಗೆ ಉತ್ತರ ಕೊಟ್ಟು ಅಡಿಗೆಮನೆಗೆ ಹೋದಳು. ಗಂಡು ಚಾ ಕುಡಿಯುವುದನ್ನು ಬಿಟ್ಟು ಆಕೆ ಹೋದ ಬಾಗಿಲನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವನ ಅವ್ವ ಎದ್ದು, "ಮನಿ ನೋಡೂಣ ಬಾರವಾ" ಎಂದು ನನ್ನ ಕೈ ಹಿಡಿದಳು. ಕನ್ಯೆ ನೋಡಲು ಬಂದ ಹೆಂಗಸರು ಮನೆಯನ್ನೂ ನೋಡುವುದು ರೂಢಿ. ಅಡಿಗೆಮನೆ ಹೇಗಿದೆ, ಹಾಸಿಗೆ ಹೇಗೆ ಮಡಿಸಿದ್ದಾರೆ, ಎಲ್ಲ ಕಣ್ಣಲ್ಲೇ ತೂಗುತ್ತಾರೆ. ನಾನು ಬೇರೆ ಎಲ್ಲಿಗೂ ಕರೆದೊಯ್ಯದೆ ಸೀದಾ ಗಿಡದ ಮುಂದೆ ನಿಲ್ಲಿಸಿದೆ. ಮನೆಯಲ್ಲಿ ತೋರಿಸಬೇಕಾದದ್ದು ಅದೊಂದೇ ಎಂದು ನನ್ನ ನಂಬಿಕೆ.

ಆಕೆ ಗಿಡ ನೋಡಿ ಮೂಗು ಮುರಿದಳು. "ಅಯ್ಯ, ಇದೇನವಾ, ರೋಗ ಬಡದದ್ದನ್ನ ಮನ್ಯಾಗ ಇಟ್ಟೀರಿ?"

ನನಗೆ ಮೈಯೆಲ್ಲ ಉರಿಯಿತು. ಪ್ರತಿ ಆದಿತ್ಯವಾರ ನಾನು ಒರೆಸಿದ ಎಲೆ ಅವು.

"ರೋಗ ಅಲ್ರೀ! ಬಣ್ಣ ತುಂಬಿಲ್ಲ, ಅಷ್ಟ. ಯಾರಿಗೂ ಅಂಟಂಗಿಲ್ಲ. ನಮ್ಮ ಅತ್ತಿ ಕಾಲೂ ಹಿಂಗಽ ಅದಾವ, ಆಕಿಗೇನ ರೋಗ ಐತೇನ್ರಿ?"

ಆಯಿ ಬಾಯಿ ಬಿಡಬೇಡಿ ಅಂದದ್ದು ನನಗೆ ನೆನಪಿತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಅತ್ತಿ ತಾನೇ ಹೇಳುವವಳಿದ್ದಾಳಲ್ಲ, ಇನ್ನರ್ಧ ತಾಸಿಗೆ ಗೊತ್ತಾಗುವುದನ್ನು ಈಗ ಹೇಳಿದರೆ ಏನಾಯಿತು, ಎಂದು ಹತ್ತು ವರ್ಷದ ತಲೆ ಲೆಕ್ಕ ಹಾಕಿತ್ತು. ಆ ಹೆಂಗಸು "ಹೌದನವಾ?" ಎಂದು ನನ್ನ ಗಲ್ಲ ಸವರಿದಳು. ಮತ್ತೇನೂ ಕೇಳಲಿಲ್ಲ. ಪಡಸಾಲೆಗೆ ಹೋಗಿ ಗಂಡನ ಕಿವಿಯಲ್ಲಿ ಏನೋ ಅಂದಳು.

ಅಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡಲಿ ಅಂತ..." ಎಂದು ಶುರುಮಾಡಿದರು.

"ಇಲ್ರೀ, ಬಸ್ಸಿಗೆ ಹೊತ್ತಾತು. ಹೇಳಿ ಕಳಸ್ತೇವ್ರಿ" ಎಂದು ಆಕೆ ಸೆರಗು ಸರಿಮಾಡಿಕೊಂಡಳು.

ಗಂಡು ಮಾತಾಡಲೆಂದು ಅರ್ಧ ಎದ್ದಿದ್ದ. ಅವ್ವನ ಮುಖ ನೋಡಿ, ಅಪ್ಪನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಡಿಗೆಮನೆಯ ಪರದೆಯ ಹಿಂದೆ ಅತ್ತಿ ನಿಂತಿದ್ದಳು. ಹೇಳಬೇಕಾದ ಮಾತನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದಳೋ ಏನೋ.

ನಾಲ್ಕು ದಿನ ಬಿಟ್ಟು ಕಾಕಾ ಬಂದ. "ಅವರು ಬ್ಯಾಡ ಅಂದ್ರು. ಹುಡುಗಿ ಕಾಲಿನ ವಿಷಯ ಗೊತ್ತಾತಂತ. ನಿಮ್ಮ ಮನ್ಯಾಗಽ, ಒಳಗ ಯಾರೋ ಅವರ ಅವ್ವಗ ಹೇಳ್ಯಾರ" ಎಂದ.

ಆಯಿ ನಿಧಾನಕ್ಕೆ ತಿರುಗಿ ನಮ್ಮವ್ವನನ್ನು ನೋಡಿದಳು. "ಒಳಗ ಇದ್ದಾಕಿ ನೀ ಒಬ್ಬಾಕಿ. ನನ್ನ ಮಗಳ ಬಾಳು ನಿನಗ ಯಾಕ ನೋಡಾಕ ಆಗವಲ್ದು?"

"ದೇವರಾಣಿ ನಾ ಹೇಳಿಲ್ರೀ" ಎಂದಳು ಅವ್ವ. ನಾನು ಬಾಗಿಲ ಹತ್ತಿರ ಗೋಡೆಗೆ ಅಂಟಿ ನಿಂತಿದ್ದೆ. ಊರೆಲ್ಲ ಮಾತಾಡುವ ನನ್ನ ಬಾಯಿ ಆಗ ತೆರೆಯಲಿಲ್ಲ. ಅತ್ತಿ ನನ್ನ ಕಡೆ ನೋಡಿದಳು. ಒಂದೇ ಸಲ ನೋಡಿದ್ದು. ಆಕೆಗೆ ತಿಳಿಯಿತು.

"ವೈನಿ ಹೇಳಿಲ್ಲವ್ವಾ" ಎಂದಳು. "ನಾನಽ ಹೇಳೇನಿ."

ಸುಳ್ಳು ಹೇಳಿ ಮದುವೆಯಾಗಲು ಒಲ್ಲೆ ಅಂದವಳು, ನನ್ನ ಸಲುವಾಗಿ ಸುಳ್ಳು ಹೇಳಿದಳು. ಆಯಿ ನೆಲಕ್ಕೆ ಕುಸಿದು ಕೂತು ಹಣೆ ಬಡಿದುಕೊಂಡಳು. "ನಿನ್ನ ಕೈಯಾರೆ ನಿನ್ನ ಬಾಳು ಹಾಳ ಮಾಡಿಕೊಂಡೆಲ್ಲ ಶಕ್ಕೂ! ನಾ ಇನ್ನ ಯಾರ ಮನಿ ಬಾಗಲಾ ತಟ್ಟಲಿ?" ಅಪ್ಪ ಏನೋ ಹೇಳಲು ಹೋದರು. ಅತ್ತಿ ತಲೆ ಅಲ್ಲಾಡಿಸಿ ತಡೆದಳು.

ಅಂದಿನಿಂದ ಆಯಿ ಮಗಳ ಜೊತೆ ಮಾತು ಬಿಟ್ಟಳು. ಬಾವಂಚಿ ಎಣ್ಣೆಯ ಸೀಸೆ ಮೂಲೆಗೆ ಬಿತ್ತು. ಗಿಡದ ಮೇಲೂ ಸಿಟ್ಟು ತಿರುಗಿತು. ನಾನು, ಅತ್ತಿ ಇಬ್ಬರೂ ಸಾಲಿಗೆ ಹೋದಾಗ ಆಯಿ ಕುಂಡವನ್ನು ಎತ್ತಿಸಿ ಮಾಳಿಗೆಯ ಮೇಲೆ ಇಡಿಸಿಬಿಟ್ಟಳು. ಶಿವರಾತ್ರಿ ಕಳೆದ ಮೇಲಿನ ನಮ್ಮ ಕಡೆಯ ಬಿಸಿಲು ನಿಮಗೂ ಗೊತ್ತು. ಸಂಜೆ ನಾವು ಹೋಗಿ ನೋಡುವಷ್ಟರಲ್ಲಿ ಎಲೆಗಳು ಜೋತುಬಿದ್ದಿದ್ದವು. ಎರಡು ದಿನದಲ್ಲಿ ಬಿಳಿ ಇದ್ದ ಜಾಗವೆಲ್ಲ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅತ್ತಿ ಸುಟ್ಟ ಎಲೆಗಳನ್ನು ಕತ್ತರಿಸಿದಳು. ದಂಟಿನ ತುದಿಯ ಗಟ್ಟಿ ಭಾಗ ಒಂದು ಗೇಣು ಉಳಿಸಿ ಗಾಜಿನ ಬಾಟ್ಲಿಯ ನೀರಲ್ಲಿ ಇಟ್ಟಳು. ಕತ್ತರಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. "ಅತ್ತಿ, ನಾನು..." ಎಂದೆ. ಆಕೆ, "ಕೈ ತೊಳಕೋ ಹೋಗು, ಹಾಲು ಹತ್ತೈತಿ" ಎಂದಳು. ಅದರ ಮೇಲೆ ನನಗೆ ಇನ್ನೊಮ್ಮೆ ಶುರುಮಾಡಲು ಆಗಲಿಲ್ಲ.

ಜೂನ್‌ನಲ್ಲಿ ಅತ್ತಿ ವಿಜಾಪುರದ ಕಡೆ ಹೆಣ್ಣುಮಕ್ಕಳ ವಸತಿಶಾಲೆಯೊಂದಕ್ಕೆ ಟೀಚರ್ ಆಗಿ ಹೋದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಆಯಿ ಹೊರಗೆ ಬರಲಿಲ್ಲ. ಬಾಟ್ಲಿಯಲ್ಲಿ ಬೇರು ಬಿಟ್ಟಿದ್ದ ದಂಟನ್ನು ಸಣ್ಣ ಕುಂಡಕ್ಕೆ ಹಚ್ಚಿ ನನ್ನ ಕೈಗೆ ಕೊಟ್ಟು, "ಎರಡು ಬೆರಳು ಇಳಿಸಿ ನೋಡಿ ನೀರು ಹಾಕು. ಮರೀಬ್ಯಾಡ" ಎಂದಳು.

ನಾನು ಮರೆಯಲಿಲ್ಲ. ಮರೆತಿದ್ದರೆ ಅದು ಬದುಕುತ್ತಿತ್ತೇನೋ. ದಿನಾ ಮುಂಜಾನೆ ಹಾಕಿದೆ, ಸಂಜೆ ಹಾಕಿದೆ. ನನ್ನ ಪಾಲಿನ ಕುಡಿಯುವ ನೀರನ್ನೂ ಉಳಿಸಿ ಹಾಕಿದೆ. ಬೆರಳು ಇಳಿಸಿ ನೋಡುವ ತಾಳ್ಮೆ ಎಲ್ಲಿತ್ತು? ಗಿಡ ಬದುಕಿದರೆ ಎಲ್ಲ ಸರಿಹೋಗುತ್ತದೆ ಎಂದು ತಲೆಯಲ್ಲಿ ಕೂತಿತ್ತು. ಮೇಲಾಗಿ ಮಳೆಗಾಲ. ಎಲೆ ಹಳದಿಯಾದಾಗ ನೀರು ಕಡಿಮೆಯಾಯಿತೆಂದು ಇನ್ನಷ್ಟು ಹಾಕಿದೆ. ಒಂದು ದಿನ ದಂಟು ಹಿಡಿದರೆ ಮೆತ್ತಗಾಗಿ ಕೈಗೆ ಬಂತು, ಬುಡದಿಂದ ಕೊಳೆತ ವಾಸನೆ.

ಆ ಆದಿತ್ಯವಾರ ಅತ್ತಿ ಫೋನ್ ಮಾಡಿದಳು. "ಗಿಡಾ ಹೆಂಗೈತಿ ರೇಣಿ?"

"ಕೊಳತುಹೋತು ಅತ್ತಿ."

"ದಿನಾ ನೀರು ಹಾಕಿದೇನು?"

"ಹೂಂ."

"ಇರ್ಲಿ ಬಿಡು. ಅಳಬ್ಯಾಡ" ಎಂದಳು. ನಾನು ಅಳುತ್ತಿದ್ದದ್ದು ಗಿಡಕ್ಕಲ್ಲ. ಹೇಳಬೇಕಾದದ್ದನ್ನು ಇನ್ನೂ ಹೇಳಿರಲಿಲ್ಲ. ಆದರೆ ಎರಡು ಮಾರು ದೂರದಲ್ಲಿ ಆಯಿ ಸೊಪ್ಪು ಸೋಸುತ್ತ ಕೂತಿದ್ದಳು, ಮಗಳ ಫೋನೆಂದು ಗೊತ್ತಿದ್ದೂ ತಲೆ ಎತ್ತದೆ. ಆಗ ನಾನು ರಿಸೀವರ್ ಕೆಳಗಿಟ್ಟು ಆಯಿಯ ಮುಂದೆ ಕೂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಎರಡು ಏಟು ಬೀಳುತ್ತಿದ್ದವು. ತಾಯಿ ಮಗಳು ಮಾತಾಡುತ್ತಿದ್ದರು.

ಆಯಿ ಆ ಮಾತು ಕೇಳದೆಯೇ ಆರು ವರ್ಷದ ಮೇಲೆ ಹೋದಳು. ಕೊನೆಯ ದಿನಗಳಲ್ಲಿ ಅತ್ತಿ ಬಂದು ಬಾಯಿಗೆ ನೀರು ಬಿಟ್ಟಾಗಲೂ, "ನಿನ್ನ ಬಾಯಿ ನಿನ್ನ ಕೆಡಿಸಿತವಾ" ಎಂದಳು. ಅತ್ತಿ ತಾಯಿಯ ಗಲ್ಲ ಒರೆಸಿ, "ಹೌದವ್ವಾ" ಎಂದಳು. ನಾನು ಅಲ್ಲೇ ಇದ್ದೆ, ಹದಿನಾರು ವರ್ಷದವಳು. ಸಾಯುವವಳ ಮುಂದೆ ಯಾಕೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಆಮೇಲಿನ ವರ್ಷಗಳಲ್ಲಿ ಓದು, ನೌಕರಿ, ಸಂಸಾರ, ನೆವಗಳಿಗೆ ಏನು ಬರ.

ಈಗ ಧಾರವಾಡದ ದಾರಿಯ ನರ್ಸರಿಗಳಲ್ಲಿ ಬಿಳಿ ಮಚ್ಚೆಯ ಗಿಡಗಳದೇ ಕಾರಬಾರು. ಮಚ್ಚೆ ಹೆಚ್ಚಿದ್ದಷ್ಟೂ ಬೇಡಿಕೆ ಹೆಚ್ಚು, ಎಸಿ ಖೋಲಿಯಲ್ಲಿಟ್ಟು ಪೂಜೆ ಮಾಡುವುದೊಂದು ಬಾಕಿ. ಮೊನ್ನೆ ನಮ್ಮ ಆಫೀಸಿಗೆ ಸೇರಿದ ಹುಡುಗಿಯ ಮುಖದ ಮೇಲೆ, ಕೈ ಮೇಲೆ ಬಿಳಿ ಇದೆ. ಅರೆತೋಳಿನ ಕುರ್ತಾ ಹಾಕಿ ನಗುತ್ತ ಓಡಾಡುತ್ತಾಳೆ. ಆಕೆಯನ್ನು ಕಂಡಾಗೆಲ್ಲ ಸಂತೋಷವಾಗುತ್ತದೆ, ಅದರ ಹಿಂದೆಯೇ ಅತ್ತಿಯ ಸಾಕ್ಸ್ ನೆನಪಾಗುತ್ತದೆ. ನಮ್ಮ ಅತ್ತಿ ಕೇಳಿದ್ದು ಐದು ನಿಮಿಷ. ಅಷ್ಟನ್ನೂ ನಾನು ಕಸಿದುಕೊಂಡೆ. ಆ ಮಾಸ್ತರ ಒಲ್ಲೆ ಅನ್ನುತ್ತಿದ್ದನೋ, ಆಗಲಿ ಅನ್ನುತ್ತಿದ್ದನೋ, ಯಾರಿಗೆ ಗೊತ್ತು? ಗೊತ್ತಾಗುವ ದಾರಿಯೇ ಉಳಿಯಲಿಲ್ಲ.

ಕಳೆದ ವರ್ಷ ಅತ್ತಿ ತೀರಿಕೊಂಡಳು. ನಿವೃತ್ತಿಗೆ ಇನ್ನೂ ಬಹಳ ವರ್ಷವಿತ್ತು. ಹಾಸ್ಟೆಲ್ಲಿನಲ್ಲೇ ಎದೆನೋವು ಬಂದಿತ್ತಂತೆ. ಮಣ್ಣು ಮುಗಿಸಿ ಬಂದು ನಾವೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಯಾರೋ ಚಾ ಮಾಡಿ ಹಂಚುತ್ತಿದ್ದರು. ಸಂಬಂಧದ ಹಿರಿಯ ಹೆಣ್ಣುಮಗಳೊಬ್ಬಳು ಉಸಿರುಬಿಟ್ಟು, "ಎಂಥಾ ಹುಡುಗಿ. ಬಂದ ಛಲೋ ಸಂಬಂಧ ತನ್ನ ಬಾಯಿಲೇ ತಾನಽ ಕೆಡಿಸಿಕೊಂಡ್ಲು" ಎಂದಳು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು.

"ಹೇಳಿದ್ದು ಅತ್ತಿ ಅಲ್ರೀ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಾನು. ಆ ಗಂಡಿನ ಅವ್ವಗ ನಾನು ಹೇಳಿದ್ದು."

ಯಾರೂ ಬೆಚ್ಚಲಿಲ್ಲ. ಯಾರೂ ಬೈಯಲಿಲ್ಲ. ಅವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದಳು. ಆ ಹಿರಿಯ ಹೆಣ್ಣುಮಗಳು ನನ್ನ ಬೆನ್ನು ಸವರಿ ಕಪ್ಪನ್ನು ನನ್ನ ಕಡೆ ಸರಿಸಿದಳು.

"ಯಾವಾಗಿನ ಮಾತವಾ ಅದು. ಈಗ ಯಾರಿಗೆ ಹೇಳ್ತಿ, ಬಿಡು. ಚಾ ಕುಡಿ, ಆರಾಕತ್ತೈತಿ."